ಮಾಡೆಲ್ ಆಗಲು ಮೊದಲು 60,000 ಕೊಡಬೇಕೇ?

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ, ತಾಯಿ ಮಗಳಿಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಕಾಸರಗೋಡಿನ ಒಳನಾಡಿನಿಂದ ಮಾಡೆಲ್ ಆಗಬೇಕೆಂದು ಹೊರಟ ಇಂಥ ಮಕ್ಕಳು ಸಲಹೆಗೆಂದು ಮತ್ತೆ ಮತ್ತೆ ನನ್ನಲ್ಲಿಗೆ ಬರುತ್ತಿದ್ದಾರೆ. ಹೆಚ್ಚಿನವರು ಬರುವುದು ದುಡ್ಡು ಹೋದ ಮೇಲೆ.

ಹುಡುಗಿಗೆ 22 ವರ್ಷ. ಹತ್ತರವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಗ್ರಿ. ತಂದೆ ತೀರಿಹೋಗಿದ್ದಾರೆ, ಇರುವ ಸಣ್ಣ ಅಡಿಕೆ ತೋಟವನ್ನು ತಾಯಿಯೇ ನೋಡಿಕೊಳ್ಳುತ್ತಾರೆ. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಫೋಟೋ ನೋಡಿ ಒಬ್ಬ ಮೆಸೇಜ್ ಕಳಿಸಿದ್ದ: ನಿಮ್ಮ ಮುಖಕ್ಕೆ ಜ್ಯುವೆಲ್ಲರಿ ಜಾಹೀರಾತು ಖಂಡಿತ ಸಿಗುತ್ತದೆ, ಕೊಚ್ಚಿಗೆ ಬನ್ನಿ, ಪೋರ್ಟ್‌ಫೋಲಿಯೊ (ಮಾಡೆಲಿಂಗಿನ ಫೋಟೋ ಆಲ್ಬಮ್) ನಾವೇ ಮಾಡಿಸುತ್ತೇವೆ. ರಿಜಿಸ್ಟ್ರೇಷನ್ ಎಂದು 3,000 ಆಗಲೇ ಹೋಗಿತ್ತು, ಪೋರ್ಟ್‌ಫೋಲಿಯೊಗೆ ಇನ್ನು 60,000 ಬೇಕು. ತಾಯಿ ಬಳೆ ಅಡವಿಡಲು ಹೊರಟಾಗ ದೊಡ್ಡಪ್ಪ ತಡೆದು, “ಇವಳ ಹುಚ್ಚು ಬಿಡಿಸಿ ಕೊಡಿ” ಎಂದು ನನಗೆ ಫೋನ್ ಮಾಡಿ ಇಬ್ಬರನ್ನೂ ಕಳಿಸಿದರು.

ಹುಡುಗಿ ಕೂತವಳೇ ಹೇಳಿದಳು: “ಟೀಚರೇ, ನಾನು ಚಂದ ಇದ್ದೇನಾ ಅಂತ ಕೇಳಲಿಕ್ಕೆ ಬಂದದ್ದಲ್ಲ. ನನಗೆ ಕೆಲಸ ಬೇಕು.”

ಹಾಗಾದರೆ ಕೆಲಸದ ಮಾತೇ ಆಡೋಣ ಎಂದೆ. ಅವರು ಕಳಿಸಿದ ಎಗ್ರಿಮೆಂಟ್ ಫೋನಿನಲ್ಲಿತ್ತು. ಇಂಗ್ಲಿಷಿನಲ್ಲಿ ನಾಲ್ಕು ಪುಟ. “ಓದಿದ್ದೀಯಾ?” ಎಂದರೆ ತಲೆ ತಗ್ಗಿಸಿದಳು. ನಮ್ಮ ಗಡಿನಾಡಿನ ಮಕ್ಕಳ ಪಾಡೇ ಇದು. ಫೋನಿನಲ್ಲಿ ಮಲಯಾಳದ ಸಿಹಿಮಾತು, ಸಹಿ ಇಂಗ್ಲಿಷಿನಲ್ಲಿ, ನಡುವೆ ಅರ್ಥವಾಗದ್ದನ್ನು ಕೇಳಿದರೆ ಹಳ್ಳಿಯವಳೆಂದು ನಗುತ್ತಾರೋ ಎಂಬ ಅಳುಕು. ಒಂದೊಂದೇ ಸಾಲು ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳು ಎಂದೆ. ತಡವರಿಸುತ್ತಾ ಹೇಳತೊಡಗಿದಳು. ಕಟ್ಟಿದ ಹಣ ಯಾವ ಕಾರಣಕ್ಕೂ ವಾಪಸ್ ಇಲ್ಲ. ಕೆಲಸ ಕೊಡಿಸುವ ಹೊಣೆ ಸಂಸ್ಥೆಯದಲ್ಲ. ತೆಗೆದ ಫೋಟೋಗಳನ್ನು ಎಲ್ಲಿ ಬೇಕಾದರೂ, ಎಷ್ಟು ಕಾಲ ಬೇಕಾದರೂ ಬಳಸುವ ಹಕ್ಕು ಸಂಸ್ಥೆಯದು. ಈ ಸಾಲಿಗೆ ಬಂದಾಗ ಅವಳ ಸ್ವರ ಸಣ್ಣದಾಯಿತು.

ಅಷ್ಟು ಹೊತ್ತು ಸುಮ್ಮನಿದ್ದ ತಾಯಿ ಬಾಯಿ ಬಿಟ್ಟರು. “ಕ್ಯಾಂಪ್ಕೊ ಸೊಸೈಟಿಗೆ ಅಡಿಕೆ ಹಾಕಿದರೆ ಅವರು ನಮಗೆ ದುಡ್ಡು ಕೊಡುತ್ತಾರೆ. ಅಡಿಕೆಯನ್ನೂ ಕೊಟ್ಟು, ಮೇಲಿಂದ ನಾವೇ ದುಡ್ಡು ಕೊಡುವುದುಂಟಾ?”

ನಾನು ಅರ್ಧ ಗಂಟೆ ವಿವರಿಸಿದ್ದರೂ ಇಷ್ಟು ನೆಟ್ಟಗೆ ಹೇಳಲಾಗುತ್ತಿರಲಿಲ್ಲ. ಸರಿಯಾದ ಮಾಡೆಲಿಂಗ್ ಏಜೆನ್ಸಿಯ ಗಳಿಕೆ ಮಾಡೆಲಿನ ಸಂಭಾವನೆಯಲ್ಲಿ ಸಿಗುವ ಕಮಿಷನ್, ಸಾಮಾನ್ಯವಾಗಿ ಶೇಕಡಾ 20ರ ಆಸುಪಾಸು. ನಿಮಗೆ ಕೆಲಸ ಸಿಕ್ಕರೆ ಮಾತ್ರ ಅವರಿಗೂ ದುಡ್ಡು. ಮೊದಲೇ 60,000 ಎಣಿಸಿಕೊಂಡವನಿಗೆ ನಿಮಗೆ ಕೆಲಸ ಹುಡುಕಬೇಕಾದ ಗರಜೇ ಇಲ್ಲ.

ಹುಡುಗಿಯ ಕಣ್ಣು ತುಂಬಿತ್ತು. “ಹಾಗಾದರೆ ನನ್ನಿಂದ ಆಗುವುದೇ ಇಲ್ಲ ಅಂತಲಾ?”

ಆಗುವುದಿಲ್ಲ ಎಂದು ನಾನು ಹೇಳಲಿಲ್ಲ. ದೊಡ್ಡಪ್ಪನಿಗೆ ನನ್ನ ಮೇಲೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ. “ಬಿಡಿಸಿ ಅಂದರೆ ದಾರಿ ತೋರಿಸಿ ಕಳಿಸಿದಿರಿ” ಎಂದರು. ಬೇಡ ಎಂದಿದ್ದರೆ ಅವಳು ಬಿಡುತ್ತಿರಲಿಲ್ಲ, ಮನೆಯವರಿಗೆ ಗೊತ್ತಾಗದ ಹಾಗೆ ರೈಲು ಹತ್ತುತ್ತಿದ್ದಳು. ಸದ್ಯಕ್ಕೆ ಮನೆಯಲ್ಲಿ ಹೇಳಬೇಡಿ, ಸರ್‌ಪ್ರೈಸ್ ಕೊಡಿ ಎಂದು ಆ ಮೆಸೇಜ್ ಕಳಿಸಿದವನೂ ಬರೆದಿದ್ದ. ಇಂಥವರ ಬಂಡವಾಳವೇ ಮನೆಯವರ ಮೇಲೆ ಮಕ್ಕಳಿಗಿರುವ ಹೆದರಿಕೆ. ಇದು ಮರ್ಯಾದಸ್ಥ ದುಡಿಮೆಯೆಂದು ಮನೆಯಲ್ಲಿ ಒಪ್ಪಿಕೊಂಡರೆ, ದಿನಕ್ಕೆ ಎಷ್ಟು ಕೊಡುತ್ತೀರಿ, ಕಾಗದದಲ್ಲಿ ಏನಿದೆ ಎಂದು ಕೇಳುವ ಧೈರ್ಯ ಮಕ್ಕಳಿಗೆ ತಾನಾಗಿ ಬರುತ್ತದೆ.

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹೊಸಬರಿಂದ ಏಜೆನ್ಸಿಗಳು ಮೊದಲು ಕೇಳುವುದು ದುಬಾರಿ ಆಲ್ಬಮ್ ಅಲ್ಲ, ‘ಡಿಜಿಟಲ್ಸ್’ ಎನ್ನುವ ಸಾದಾ ಫೋಟೋಗಳನ್ನು. ಬೆಳಗಿನ ಬೆಳಕು, ಬಿಳಿ ಗೋಡೆ, ಮೈಗೆ ಹೊಂದುವ ಸರಳ ಬಟ್ಟೆ. ಮೇಕಪ್ ಬೇಡ, ಫಿಲ್ಟರ್ ಬೇಡ. ಎದುರಿನಿಂದ, ಎರಡೂ ಬದಿಯಿಂದ, ತಲೆಯಿಂದ ಕಾಲಿನವರೆಗೆ, ಕೂದಲು ಕಟ್ಟಿ ಒಮ್ಮೆ, ಬಿಟ್ಟು ಒಮ್ಮೆ. ಅಮ್ಮನೇ ಫೋನಿನಲ್ಲಿ ತೆಗೆದರೂ ನಡೆಯುತ್ತದೆ. ಜೊತೆಗೆ ಎತ್ತರ, ಅಳತೆಗಳು, ಸುಳ್ಳಿಲ್ಲದೆ. ಪೋರ್ಟ್‌ಫೋಲಿಯೊ ಆಮೇಲೆ ಕಟ್ಟಿಕೊಳ್ಳುವಂಥದ್ದು. ಮಂಗಳೂರಿನಂಥ ಊರಿನಲ್ಲಿ ಕೈ ಪಳಗಿಸಿಕೊಳ್ಳುತ್ತಿರುವ ಫೋಟೋಗ್ರಾಫರುಗಳಿಗೂ ಮುಖಗಳು ಬೇಕು. ಇಬ್ಬರೂ ದುಡ್ಡು ಕೇಳದೆ, ಫೋಟೋಗಳನ್ನು ಹಂಚಿಕೊಳ್ಳುವ ಒಪ್ಪಂದದಲ್ಲಿ ಶೂಟ್ ಮಾಡುವ ರೂಢಿ ಈ ಕಸುಬಿನಲ್ಲಿದೆ. ಹತ್ತು ಹನ್ನೆರಡು ಒಳ್ಳೆಯ ಚಿತ್ರ ಸಾಕು, ಆದರೆ ಒಂದರ ಹಾಗೆ ಇನ್ನೊಂದಿರಬಾರದು: ಸೀರೆಯಲ್ಲಿ ಒಂದು, ಜೀನ್ಸಿನಲ್ಲಿ ಒಂದು, ಹತ್ತಿರದ ಮುಖ, ನಗು, ನಡಿಗೆ.

ಒಂದು ಕಹಿ ಮಾತನ್ನೂ ಹೇಳಿದೆ. ಅವಳ ಎತ್ತರ 5 ಅಡಿ 3 ಇಂಚು. ಫ್ಯಾಷನ್ ಶೋಗಳ ರ‍್ಯಾಂಪಿಗೆ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 5 ಅಡಿ 8 ಇಂಚಿನ ಆಸುಪಾಸು ಕೇಳುತ್ತಾರೆ, ಅಲ್ಲಿ ಅವಳಿಗೆ ಬಾಗಿಲು ತೆರೆಯುವುದು ಕಷ್ಟ. ಆದರೆ ಬಟ್ಟೆ ಅಂಗಡಿ, ಆಭರಣ, ಕ್ಯಾಟಲಾಗ್ ಜಾಹೀರಾತುಗಳಲ್ಲಿ ಎತ್ತರದ ಕಟ್ಟುಪಾಡು ಅಷ್ಟಿಲ್ಲ. ದಿನವೂ ಕೆಲಸ ಸಿಗುವ ಕಸುಬಲ್ಲ ಇದು, ಆದ್ದರಿಂದ ಇನ್ನೊಂದು ಸಂಬಳ ಕೈಯಲ್ಲಿರಲಿ ಎಂದೆ. ಈಗ ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದಾಳೆ. ಮಂಗಳೂರಿನಲ್ಲಿ ಒಂದು ಸೀರೆ ಅಂಗಡಿಯ ಶೂಟ್ ಆಯಿತು, ತಾಯಿ ಜೊತೆಗೆ ಹೋಗಿದ್ದರು. ಆ ಫೋಟೋಗಳನ್ನು ಎಲ್ಲೆಲ್ಲಿ, ಎಷ್ಟು ತಿಂಗಳು ಬಳಸುತ್ತೀರೆಂದು ಬರೆಸಿಕೊಂಡೇ ಸಹಿ ಹಾಕಿದಳಂತೆ. ಹೋದ 3,000 ಮಾತ್ರ ಸಿಗಲಿಲ್ಲ.

ಇದನ್ನು ಓದುತ್ತಿರುವ ಯಾರಾದರೂ ಆಗಲೇ ದುಡ್ಡು ಕಳಿಸಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ಹಣ ಕೈತಪ್ಪುತ್ತದೆ. ಚಾಟ್, ರಸೀದಿ, ನಂಬರ್ ಯಾವುದನ್ನೂ ಅಳಿಸಬೇಡಿ. ಫೋಟೋ ಕಳಿಸಿ ಈಗ ಬೆದರಿಕೆ ಬರುತ್ತಿದ್ದರೆ ಮತ್ತೆ ದುಡ್ಡು ಕೊಡಬೇಡಿ, ಪೊಲೀಸರಿಗೆ ದೂರು ಕೊಡಿ. ಮನೆಯಲ್ಲಿ ಹೇಳುವ ಧೈರ್ಯ ಸಾಲದಿದ್ದರೆ ಹತ್ತಿರದ ಆಪ್ತಸಲಹೆಗಾರರ ಬಳಿ ಹೋಗಿ ಹೇಳಿ. ತಂದೆತಾಯಿಯ ಮುಂದೆ ಆ ಮಾತೆತ್ತುವಾಗ ಆ ಸಲಹೆಗಾರರೂ ನಿಮ್ಮ ಪಕ್ಕದಲ್ಲಿ ಕೂರುತ್ತಾರೆ.