ಲಿಂಕನ್ ಮಾತಿನಲ್ಲಿ ಮರಳಿ ಬಂದ ಪದ ಎಲ್ಲಿದೆ?

ಪ್ರಶ್ನೆ: ‘ಪ್ರಜೆಗಳ, ಪ್ರಜೆಗಳಿಂದ, ಪ್ರಜೆಗಳಿಗಾಗಿ’ ಎಂಬ ಲಿಂಕನ್ ಮಾತಿನಲ್ಲಿ ಪುನರಾವೃತ್ತಿ ಆರಂಭದಲ್ಲಿದೆ ಎಂದು ಬರೆದೆ. ಮಾದರಿ ಉತ್ತರದಲ್ಲಿ ಅಂತ್ಯದಲ್ಲಿದೆ ಎಂದಿದೆ. ಗೈಡ್ ಅದನ್ನು ಯಮಕ ಎನ್ನುತ್ತದೆ. ಯಾವುದು ಸರಿ?
(ಪದವಿ ವಿದ್ಯಾರ್ಥಿನಿ, ಸಿಂದಗಿ)

ಈ ವರ್ಷ ಇದೇ ಪ್ರಶ್ನೆಯ ನಾಲ್ಕನೆಯ ಪತ್ರ ಇದು. ಮೊದಲು ಆ ಗೈಡನ್ನು ರದ್ದಿಗೆ ಹಾಕಿ. ಯಮಕವಾಗಬೇಕಾದರೆ ಮರಳಿ ಬಂದ ಪದದ ಅರ್ಥ ಬೇರೆಯಾಗಬೇಕು. ಇಲ್ಲಿ ಮೂರೂ ಕಡೆ ಪ್ರಜೆಗಳು ಪ್ರಜೆಗಳೇ.

ಉಳಿದಂತೆ ನೀವೂ ಸರಿ, ಮಾದರಿ ಉತ್ತರವೂ ಸರಿ. 1863ರ ನವೆಂಬರ್ 19ರಂದು ಗೆಟ್ಟಿಸ್‌ಬರ್ಗ್‌ನಲ್ಲಿ ಲಿಂಕನ್ ಆಡಿದ್ದು ‘ಆಫ್ ದ ಪೀಪಲ್, ಬೈ ದ ಪೀಪಲ್, ಫಾರ್ ದ ಪೀಪಲ್’ ಎಂದು. ಅಲ್ಲಿ ಬದಲಾಗುವ ಪುಟ್ಟ ಪದ ಮುಂದೆ ನಿಲ್ಲುತ್ತದೆ, ‘ಪೀಪಲ್’ ಪ್ರತಿ ಸಲವೂ ಕೊನೆಗೆ ಬೀಳುತ್ತದೆ. ನಮ್ಮಲ್ಲಿ ಆ ಕೆಲಸ ವಿಭಕ್ತಿ ಪ್ರತ್ಯಯದ್ದು. ಅದು ಪದದ ಬಾಲಕ್ಕೆ ಅಂಟಿಕೊಳ್ಳುವುದರಿಂದ ‘ಪ್ರಜೆ’ ಮುಂದೆ ಬಂದು ಕೂರುತ್ತದೆ. 1940ರ ಜೂನ್ 4ರ ಚರ್ಚಿಲ್ ಭಾಷಣದ ಗತಿ ಇದಕ್ಕೆ ತದ್ವಿರುದ್ಧ. ಇಂಗ್ಲಿಷಿನಲ್ಲಿ ‘ವಿ ಶಲ್ ಫೈಟ್’ ಎಂದೇ ಮಾತು ಮತ್ತೆ ಮತ್ತೆ ಶುರುವಾಗುತ್ತದೆ; ಕನ್ನಡಕ್ಕೆ ತನ್ನಿ, ‘ಕಡಲ ದಂಡೆಯಲ್ಲಿ ಹೋರಾಡುತ್ತೇವೆ, ಬೀದಿಗಳಲ್ಲಿ ಹೋರಾಡುತ್ತೇವೆ’ ಎಂದು ಕೊನೆಗೆ ಸರಿಯುತ್ತದೆ. ನಮ್ಮ ಕ್ರಿಯಾಪದದ ಜಾಗವೇ ಅದು. ನಂಬಿಕೆಯಾಗದಿದ್ದರೆ ವಿಜಯಪುರದ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಲ್ಲಿ. ‘ಇಂಡಿಗೆ ಹೋಗುವವರು ಹತ್ತಿ, ಚಡಚಣಕ್ಕೆ ಹೋಗುವವರು ಹತ್ತಿ’ ಎಂದು ಕೂಗುವ ನಿರ್ವಾಹಕರು ಅಲಂಕಾರಶಾಸ್ತ್ರ ಓದಿ ಬಂದವರಲ್ಲ.

ಆದ್ದರಿಂದ ಮೂಲವನ್ನು ಕುರಿತು ಬರೆಯುತ್ತಿದ್ದೀರೋ ಅನುವಾದವನ್ನೋ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ. ನಾನಾಗಿದ್ದರೆ ಅನುವಾದ ಕೊಟ್ಟು ಇಂಥ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಹಾಗೆಯೇ, ಲಿಂಕನ್ ಇದನ್ನು ರೈಲಿನಲ್ಲಿ ಲಕೋಟೆಯ ಹಿಂಬದಿಗೆ ಗೀಚಿದರೆಂಬ ಕಟ್ಟುಕಥೆಯನ್ನು ಉತ್ತರಕ್ಕೆ ತುರುಕಬೇಡಿ. ಅವರ ಕೈಬರಹದ ಐದು ಪ್ರತಿಗಳು ಉಳಿದಿವೆ. ಲಕೋಟೆ ಯಾವುದೂ ಅಲ್ಲ.

ಪ್ರಶ್ನೆ: ನೆಹರೂ ನಡುರಾತ್ರಿಯ ಭಾಷಣದಲ್ಲಿ ‘ಜಗತ್ತು ಮಲಗಿರುವಾಗ’ ಎಂದದ್ದು ತಪ್ಪಲ್ಲವೇ? ಲಂಡನ್ನಿನಲ್ಲಿ ಆಗಿನ್ನೂ ಸಂಜೆ.
(ಓದುಗರು, ಬಾಗಲಕೋಟೆ)

ಗಡಿಯಾರ ಹಿಡಿದು ಅತಿಶಯೋಕ್ತಿ ಓದಬೇಡಿ.

ಪ್ರಶ್ನೆ: ಹದಿನೈದು ದಿನಗಳಲ್ಲಿ ಭಾಷಣ ಕಲಿಸುವ ತರಗತಿಗೆ ಮಗನನ್ನು ಸೇರಿಸಬಹುದೇ? ‘ಸಹೋದರಿಯರೇ, ಸಹೋದರರೇ’ ಎಂದು ಶುರುಮಾಡಿದರೆ ಚಪ್ಪಾಳೆ ಖಚಿತ ಎನ್ನುತ್ತಾರೆ.
(ತಂದೆಯೊಬ್ಬರು, ವಿಜಯಪುರ)

ಬೇಡ. 1893ರಲ್ಲಿ ಶಿಕಾಗೊದಲ್ಲಿ ವಿವೇಕಾನಂದರಿಗೆ ಬಿದ್ದ ಚಪ್ಪಾಳೆಯನ್ನು ಇವರು ಇನ್ನೂ ಬಾಡಿಗೆಗೆ ಕೊಡುತ್ತಿದ್ದಾರೆ. ಭಾಷಣ ಸ್ಪರ್ಧೆಯೊಂದರಲ್ಲಿ ತೀರ್ಪುಗಾರನಾಗಿ ಕುಳಿತಿದ್ದಾಗ ಒಂದೇ ಮಧ್ಯಾಹ್ನ ಹನ್ನೊಂದು ಮಕ್ಕಳ ಬಾಯಲ್ಲಿ ಅದೇ ಸಂಬೋಧನೆ ಕೇಳಿದ್ದೇನೆ. ಹನ್ನೆರಡನೆಯವನು ಬರೀ ‘ನಮಸ್ಕಾರ’ ಎಂದಾಗ ನಾನೇ ಚಪ್ಪಾಳೆ ತಟ್ಟಿದೆ.