ನೈರೋಬಿಯಲ್ಲಿ ಒಂದೇ ಕಾರ್ಖಾನೆ ಹಾಕಿ ಅಕ್ಕಪಕ್ಕದ ದೇಶಗಳಿಗೆಲ್ಲ ಸುಂಕವಿಲ್ಲದೆ ಮಿಠಾಯಿ ಕಳಿಸಬಹುದೇ?

ನಿಮ್ಮ ಪ್ರಶ್ನೆ ಇದು: ಬೆಂಗಳೂರಿನ ನಿಮ್ಮ ಮಿಠಾಯಿ ಕಂಪನಿ ನೈರೋಬಿಯಲ್ಲಿ ಘಟಕ ಹಾಕಿದರೆ ಉಗಾಂಡಾ, ತಾಂಜಾನಿಯಾ, ಜಾಂಬಿಯಾಗಳಿಗೆ ಸುಂಕವಿಲ್ಲದೆ ಸರಕು ಕಳಿಸಬಹುದೇ, ಈಗ ಆಫ್ರಿಕಾ ಖಂಡಕ್ಕೆಲ್ಲ ಮುಕ್ತ ವ್ಯಾಪಾರ ಬಂದಿದೆಯಲ್ಲ?

ಕಳಿಸಬಹುದು. ಆದರೆ ಮಿಠಾಯಿ ಕೀನ್ಯಾದಲ್ಲಿ ತಯಾರಾಯಿತು ಎಂಬ ಒಂದೇ ಕಾರಣಕ್ಕೆ ಸುಂಕ ಸೊನ್ನೆಯಾಗುವುದಿಲ್ಲ. ಅದರೊಳಗಿನ ಸಕ್ಕರೆ, ಗ್ಲೂಕೋಸ್, ಹೊದಿಕೆ ಕಾಗದ ಎಲ್ಲಿಂದ ಬಂದವು, ಎಷ್ಟು ಸುಂಕ ಕಟ್ಟಿ ಬಂದವು ಎಂಬುದನ್ನು ಗಡಿಯಲ್ಲಿ ಕೇಳುತ್ತಾರೆ. ಹೊಸಬರು ಜಾಗ, ಯಂತ್ರ, ಕೂಲಿಯ ಲೆಕ್ಕ ಹಾಕಿ ಇದನ್ನು ಕೊನೆಗೆ ಬಿಡುತ್ತಾರೆ. ನನ್ನ ಮಟ್ಟಿಗೆ ಇದೇ ಮೊದಲ ಲೆಕ್ಕ.

ಸಕ್ಕರೆಯಿಂದಲೇ ಶುರು ಮಾಡೋಣ. ಕೀನ್ಯಾ, ಉಗಾಂಡಾ, ತಾಂಜಾನಿಯಾಗಳಿರುವ ಪೂರ್ವ ಆಫ್ರಿಕಾ ಸಮುದಾಯ ಎಂಬ ಒಕ್ಕೂಟದ ಸಮಾನ ಹೊರಸುಂಕ (ಹೊರಗಿನಿಂದ ಬರುವ ಸರಕಿಗೆ ಎಲ್ಲ ಸದಸ್ಯರೂ ಹಾಕುವ ಒಂದೇ ಸುಂಕ) ಸಾಮಾನ್ಯವಾಗಿ ಕಚ್ಚಾ ಮಾಲಿಗೆ ಸೊನ್ನೆ, ಅರೆತಯಾರಿ ಸರಕಿಗೆ ಶೇ 10, ಸಿದ್ಧ ಸರಕಿಗೆ ಶೇ 25. 2022ರ ಜುಲೈನಿಂದ ಕೆಲವು ವಸ್ತುಗಳಿಗೆ ಶೇ 35. ಸಕ್ಕರೆ ಈ ಸಾಲಿಗೆ ಸೇರುವುದಿಲ್ಲ, ಅದು ಸೂಕ್ಷ್ಮ ವಸ್ತು, ಅಂದರೆ ಸ್ಥಳೀಯ ಉತ್ಪಾದನೆ ಕಾಪಾಡಲು ಹೆಚ್ಚು ಸುಂಕ ಹಾಕುವಂಥದ್ದು, ಸುಂಕ ಶೇ 100. ಮಿಠಾಯಿಗೆ ಬೇಕಾದ ಸಂಸ್ಕರಿಸಿದ ಕೈಗಾರಿಕಾ ಸಕ್ಕರೆಯನ್ನು ಕಾರ್ಖಾನೆಗಳು ರಿಯಾಯಿತಿ ಯೋಜನೆಯಲ್ಲಿ ಶೇ 10ಕ್ಕೆ ತರಿಸುತ್ತವೆ. ಪೇಚು ಶುರುವಾಗುವುದು ಇಲ್ಲೇ. ಒಂದು ದೇಶ ಕೊಟ್ಟ ರಿಯಾಯಿತಿಯಲ್ಲಿ ತಂದ ಮಾಲಿನಿಂದ ಮಾಡಿದ ಸರಕು ಸಮುದಾಯದ ಇನ್ನೊಂದು ದೇಶಕ್ಕೆ ಹೋದರೆ, ಅದನ್ನು ಹೊರಗಿನ ಸರಕಿನ ಹಾಗೆ ಕಂಡು ಪೂರ್ತಿ ಸುಂಕ ಹಾಕಬಹುದು. 2018ರಲ್ಲಿ ಕೀನ್ಯಾದ ಮಿಠಾಯಿ, ಚಾಕೊಲೇಟುಗಳ ಮೇಲೆ ತಾಂಜಾನಿಯಾ, ಉಗಾಂಡಾಗಳು ಶೇ 25 ಸುಂಕ ಕೇಳಿದ್ದು ಈ ನೆಪದಿಂದಲೇ. ಜಂಟಿ ತಂಡ ಕೀನ್ಯಾದ ಕಾರ್ಖಾನೆಗಳಿಗೇ ಹೋಗಿ ದಾಖಲೆ ನೋಡಬೇಕಾಯಿತು.

ಆದ್ದರಿಂದ ಮೊದಲ ದಿನದಿಂದಲೇ ಎರಡು ದಾಸ್ತಾನು ಇಡಿ: ಕೀನ್ಯಾದೊಳಗೆ ಮಾರುವುದಕ್ಕೆ ರಿಯಾಯಿತಿ ಸಕ್ಕರೆ, ತಾಂಜಾನಿಯಾ, ಉಗಾಂಡಾಗಳಿಗೆ ಹೋಗುವುದಕ್ಕೆ ಸ್ಥಳೀಯ ಅಥವಾ ಪೂರ್ಣ ಸುಂಕ ಕಟ್ಟಿದ ಸಕ್ಕರೆ. ಬ್ಯಾಚ್ ಸಂಖ್ಯೆ ಹಿಡಿದು ಹುಡುಕಿದರೆ ಯಾವ ಮೂಟೆಯ ಸಕ್ಕರೆ ಯಾವ ಪೆಟ್ಟಿಗೆಗೆ ಹೋಯಿತು ಎಂದು ರಿಜಿಸ್ಟರಿನಲ್ಲಿ ಸಿಗಬೇಕು. ಪೂರ್ಣ ಸುಂಕದ ಸಕ್ಕರೆಯಿಂದ ಲಾಭ ಉಳಿಯುವುದು ಕಷ್ಟ. ಸ್ಥಳೀಯ ಕಂದು ಸಕ್ಕರೆ ಟಾಫಿಗೆ ನಡೆಯುತ್ತದೆ, ಗಾಜಿನಂತೆ ತಿಳಿಯಾಗಿರಬೇಕಾದ ಪೆಪ್ಪರ್‌ಮಿಂಟಿಗೆ ಆಗುವುದಿಲ್ಲ. ಹಾಗಾಗಿ ಯಾವ ದೇಶಕ್ಕೆ ಯಾವ ತಿನಿಸು ಎಂಬುದನ್ನು ಸಕ್ಕರೆಯೇ ತೀರ್ಮಾನಿಸುತ್ತದೆ. ರಫ್ತು ವಲಯದಲ್ಲಿ ಜಾಗ ಅಗ್ಗ ಎಂದು ಅಲ್ಲಿಗೆ ಹೋಗಬೇಡಿ. ಅಲ್ಲಿ ಮಾಡಿದ್ದು ಸಮುದಾಯದ ಹೊರಗೆ ಹೋಗಲಿಕ್ಕೆ. ಒಳಗೆ ಮಾರಲು ಅನುಮತಿ ಬೇಕು, ವರ್ಷದ ಉತ್ಪಾದನೆಯ ಶೇ 20 ಮೀರುವಂತಿಲ್ಲ, ಸುಂಕವನ್ನೂ ಕಟ್ಟಬೇಕು.

ಜಾಂಬಿಯಾದ ಕಥೆ ಬೇರೆ. ಅದು ಪೂರ್ವ ಆಫ್ರಿಕಾ ಸಮುದಾಯದಲ್ಲಿಲ್ಲ, ಕೀನ್ಯಾ, ಈಜಿಪ್ಟ್‌ಗಳ ಜೊತೆ ಕಾಮೆಸಾದಲ್ಲಿದೆ (ಪೂರ್ವ ಮತ್ತು ದಕ್ಷಿಣ ಆಫ್ರಿಕಾ ದೇಶಗಳ ವ್ಯಾಪಾರ ಒಕ್ಕೂಟ). ತಾಂಜಾನಿಯಾ 2000ದಲ್ಲೇ ಕಾಮೆಸಾ ಬಿಟ್ಟಿತು. ಇದರಿಂದ ಆಗುವುದೇನೆಂದರೆ, ಈಜಿಪ್ಟಿನಿಂದ ತಂದ ಗ್ಲೂಕೋಸ್ ಜಾಂಬಿಯಾಗೆ ಹೋಗುವ ಮಿಠಾಯಿಯಲ್ಲಿ ಕಾಮೆಸಾದ ಒಳಗಿನ ಮಾಲು, ತಾಂಜಾನಿಯಾಗೆ ಹೋಗುವ ಅದೇ ಮಿಠಾಯಿಯಲ್ಲಿ ಹೊರಗಿನ ಮಾಲು. ಭಾರತದ ಮಾಲಂತೂ ಎರಡೂ ಕಡೆ ಹೊರಗಿನದೇ.

ಹೊರಗಿನ ಮಾಲು ಬಳಸಿದಾಗ ಕಾಮೆಸಾದಲ್ಲಿ ಮೂಲ, ಅಂದರೆ ಮಿಠಾಯಿ ಒಕ್ಕೂಟದೊಳಗಿನ ಸರಕೇ ಎಂದು, ಸಾಬೀತು ಮಾಡಲು ಮುಖ್ಯವಾಗಿ ಮೂರು ದಾರಿಗಳಿವೆ. ಹೊರಗಿನ ಮಾಲಿನ ಸಿಐಎಫ್ ಬೆಲೆ (ವಿಮೆ, ಹಡಗಿನ ಬಾಡಿಗೆ ಸೇರಿದ ಬೆಲೆ) ಒಟ್ಟು ಸಾಮಗ್ರಿ ವೆಚ್ಚದ ಶೇ 60 ಮೀರಬಾರದು. ಇಲ್ಲವೇ ಸ್ಥಳೀಯ ಮೌಲ್ಯವರ್ಧನೆ ಕಾರ್ಖಾನೆ ವೆಚ್ಚದ ಶೇ 35 ಆದರೂ ಇರಬೇಕು. ಇಲ್ಲವೇ ಎಚ್‌ಎಸ್ ಶೀರ್ಷಿಕೆ, ಅಂದರೆ ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ವರ್ಗ ಸಂಖ್ಯೆ, ಬದಲಾಗಬೇಕು. ಸಕ್ಕರೆ 17.01, ಮಿಠಾಯಿ 17.04. ಮೂರನೆಯ ದಾರಿ ನಿಮ್ಮ ವಸ್ತುವಿಗೆ ಅನ್ವಯಿಸುತ್ತದೆಯೇ ಎಂದು ಕೀನ್ಯಾ ಕಸ್ಟಮ್ಸ್‌ನಿಂದ ಬರಹದಲ್ಲಿ ಕೇಳಿ ಪಡೆಯಿರಿ. ಅನ್ವಯಿಸಿದರೆ ನಿಮ್ಮ ಅರ್ಧ ತಲೆನೋವು ಹೋಯಿತು.

ಮೌಲ್ಯವರ್ಧನೆಯ ದಾರಿಯಲ್ಲಿ ಹೋಗುವುದಾದರೆ ಅಂಚಿನಲ್ಲಿ ನಿಲ್ಲಬೇಡಿ. ಉದಾಹರಣೆಗೆ, ಕಾರ್ಖಾನೆ ವೆಚ್ಚ 100, ಅದರಲ್ಲಿ ಹೊರಗಿನ ಮಾಲು 62, ಉಳಿದದ್ದು 38. ಶೇ 38, ಪಾಸು. ಹಡಗಿನ ಬಾಡಿಗೆ ಏರಿ ಅದೇ ಮಾಲು 72 ಆಯಿತೆನ್ನಿ. ಒಟ್ಟು 110, ನಿಮ್ಮ ಪಾಲು ಅದೇ 38, ಅಂದರೆ ಶೇ 34.5. ಫೇಲು. ಕಾರ್ಖಾನೆಯಲ್ಲಿ ಏನೂ ಬದಲಾಗಿಲ್ಲ, ಆದರೂ ಸುಂಕವಿಲ್ಲದೆ ಕಳಿಸುವ ಅವಕಾಶ ಹೋಯಿತು. 2023ರ ಕೊನೆಯಿಂದ ಕೆಂಪು ಸಮುದ್ರದ ತೊಂದರೆಯಲ್ಲಿ ಬಾಡಿಗೆ ಏರಿದ್ದು ನೆನಪಿರಲಿ. ರಟ್ಟಿನ ಪೆಟ್ಟಿಗೆ, ಲೇಬಲ್‌ಗಳನ್ನು ಕೀನ್ಯಾದಲ್ಲೇ ತಯಾರಿಸುವವರಿಂದ ಕೊಂಡು ಶೇ 42-43ರ ಹತ್ತಿರ ಇಟ್ಟುಕೊಳ್ಳಿ.

ಸರಕಿನ ಮೂಲ ತೋರಿಸುವ ಪ್ರಮಾಣಪತ್ರ ತಿರಸ್ಕಾರವಾಗುವುದು ಬಹುಪಾಲು ಸಣ್ಣ ಕಾರಣಗಳಿಗೆ. ಇನ್ವಾಯ್ಸಿನ ತೂಕವೇ ಬೇರೆ, ಪತ್ರದ ತೂಕವೇ ಬೇರೆ. ಎಚ್‌ಎಸ್ ಕೋಡಿನಲ್ಲಿ ಒಂದಂಕಿ ತಪ್ಪು. ಲಾರಿ ಹೊರಟ ಮೇಲೆ ಪತ್ರ ಮಾಡಿಸಿದ್ದು. ಸಹಿ ಹಾಕುವ ಹೊಸ ಅಧಿಕಾರಿಯ ಮಾದರಿ ಸಹಿ ಆಚೆ ದೇಶದ ಕಸ್ಟಮ್ಸ್‌ಗೆ ಇನ್ನೂ ತಲುಪಿರದಿದ್ದರೂ ಸರಕು ನಿಲ್ಲುತ್ತದೆ. ಲಾರಿ ಬಿಡುವ ಮೊದಲು ಪತ್ರದ ಪ್ರತಿಯನ್ನು ಆಚೆ ಬದಿಯ ಕ್ಲಿಯರಿಂಗ್ ಏಜೆಂಟಿಗೆ ಕಳಿಸಿ, ಅವರು ಸರಿ ಅಂದ ಮೇಲೆಯೇ ಹೊರಡಿಸಿ.

ಇನ್ನು ಗಡಿಯ ಕಾಯುವಿಕೆ. 2022ರ ಜನವರಿಯಲ್ಲಿ ಉಗಾಂಡಾ ಲಾರಿ ಚಾಲಕರಿಗೆ ಕೋವಿಡ್ ಪರೀಕ್ಷೆ ಕಡ್ಡಾಯ ಮಾಡಿದಾಗ ಕೀನ್ಯಾ-ಉಗಾಂಡಾ ಗಡಿಯ ಮಲಾಬಾ, ಬುಸಿಯಾಗಳಲ್ಲಿ ಲಾರಿಗಳು ಕಿಲೋಮೀಟರುಗಟ್ಟಲೆ ನಿಂತವು. ದಾಸ್ತಾನಿನ ಲೆಕ್ಕವನ್ನು ಸರಾಸರಿ ದಿನಗಳ ಮೇಲೆ ಹಾಕಬೇಡಿ, ಕೆಟ್ಟ ದಿನಗಳ ಮೇಲೆ ಹಾಕಿ. ದಿನಕ್ಕೆ 2 ಟನ್ ಮಾಲು ಬೇಕು, ಸಾಮಾನ್ಯವಾಗಿ 40 ದಿನಕ್ಕೆ ಬರುವುದು ಕೆಲವೊಮ್ಮೆ 60 ದಿನ ಹಿಡಿಯುತ್ತದೆ ಎಂದರೆ ಹೆಚ್ಚುವರಿ 40 ಟನ್ ಸದಾ ಗೋದಾಮಿನಲ್ಲಿರಬೇಕು. ಅಷ್ಟು ದುಡ್ಡಿಗೆ ಬ್ಯಾಂಕ್ ಬಡ್ಡಿಯನ್ನೂ ಮಿಠಾಯಿಯ ಬೆಲೆಗೆ ಸೇರಿಸಿ. ಸುಂಕ ಸೊನ್ನೆಯಾದರೂ ಈ ಖರ್ಚು ತಪ್ಪುವುದಿಲ್ಲ.

ಇನ್ನು ನೀವು ಕೇಳಿದ ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ಒಪ್ಪಂದ. ಅದರ ಹೆಸರಲ್ಲಿ ವ್ಯಾಪಾರ 2021ರ ಜನವರಿ 1ರಿಂದ ಶುರು ಎಂದು ಸಾರಿದರೂ, ಆಯ್ದ ದೇಶಗಳ ನಡುವೆ ಪ್ರಾಯೋಗಿಕವಾಗಿ ಸರಕು ಹೊರಟದ್ದು 2022ರ ಅಕ್ಟೋಬರಿನ ಸುಮಾರಿಗೆ. ಕೀನ್ಯಾದ ಬ್ಯಾಟರಿ, ಚಹಾ ಘಾನಾಗೆ ಹೋದದ್ದು ಆಗಲೇ. ಸುಂಕ ಇಳಿಕೆಯೂ ಕಂತಿನಲ್ಲಿ: ಶೇ 90ರಷ್ಟು ವಸ್ತುಗಳಿಗೆ 5 ವರ್ಷ, ಹಿಂದುಳಿದ ದೇಶಗಳಿಗೆ 10 ವರ್ಷ. ನಿಮ್ಮ ಮೂರು ದೇಶಗಳಿಗೆ ಸದ್ಯ ಇದನ್ನು ನೆಚ್ಚಿಕೊಳ್ಳುವ ಅಗತ್ಯವಿಲ್ಲ, ಹಳೆಯ ಎರಡು ಒಕ್ಕೂಟಗಳೇ ಸಾಕು.

ಪ್ರತಿವರ್ಷ ಜೂನ್ 30ರ ಸುಮಾರಿಗೆ ಬರುವ ಪೂರ್ವ ಆಫ್ರಿಕಾ ಸಮುದಾಯದ ಗೆಜೆಟ್ ಓದಲು ಒಬ್ಬರನ್ನು ನೇಮಿಸಿ. ಯಾವ ದೇಶ ಯಾವ ವಸ್ತುವಿಗೆ ಒಂದು ವರ್ಷದ ಮಟ್ಟಿಗೆ ಬೇರೆ ದರ ಹಾಕಿದೆ ಎಂಬುದು ಅದರಲ್ಲಿರುತ್ತದೆ, ಜಾರಿ ಮರುದಿನದಿಂದಲೇ. ಸಕ್ಕರೆಯ ದೊಡ್ಡ ಆರ್ಡರನ್ನು ಅದನ್ನು ನೋಡಿದ ಮೇಲೆ ಕೊಡಿ.