ಗುಂಯ್ ಅನ್ನುವ ಫ್ಯಾನಿಗೆ ಹೊಸ ಮೋಟರ್ ಬೇಕಾ?

ಪ್ರಶ್ನೆ: ನಮ್ಮ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ತುಂಬಾ ಹಳೆಯದು. ಈಚೆಗೆ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ರೆಕ್ಕೆ ತಿರುಗುವುದಿಲ್ಲ. ಕೋಲಿನಿಂದ ಒಮ್ಮೆ ತಳ್ಳಿದರೆ ನಿಧಾನವಾಗಿ ಶುರುವಾಗುತ್ತದೆ. ಚೌಕಟ್ಟು, ರೆಕ್ಕೆ, ಜಾಲರಿ ಎಲ್ಲ ಗಟ್ಟಿಯಾಗಿವೆ. ಮೋಟರ್ ಒಂದನ್ನೇ ಬದಲಾಯಿಸಬಹುದಾ? ಅಂಗಡಿಯಲ್ಲಿ ಏನು ಅಂತ ಕೇಳಬೇಕು?

ಉತ್ತರ: ಖಂಡಿತ ಬದಲಾಯಿಸಬಹುದು. ಚೌಕಟ್ಟು ಗಟ್ಟಿಯಾಗಿರುವ ಫ್ಯಾನನ್ನು ಮೋಟರ್ ಕೆಟ್ಟಿತು ಅಂತ ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಆ ಕೋಲಿನಿಂದ ತಳ್ಳುವುದನ್ನು ಇವತ್ತೇ ನಿಲ್ಲಿಸಿ. ಕರೆಂಟ್ ಹರಿಯುತ್ತಿದ್ದೂ ತಿರುಗದೆ ನಿಂತ ಮೋಟರ್ ಬಿಸಿಯೇರುತ್ತಾ ಹೋಗುತ್ತದೆ. ಅದರ ಮೈಮೇಲೆ ವರ್ಷಗಟ್ಟಲೆ ಕೂತ ಧೂಳು, ಬಟ್ಟೆಯ ನೂಲು, ಕೂದಲು ಇರುತ್ತವೆ. ಬೆಂಕಿ ಹತ್ತಲು ಬೇರೇನೂ ಬೇಕಿಲ್ಲ. ರಿಪೇರಿ ಆಗುವವರೆಗೆ ಸ್ವಿಚ್ ಮೇಲೆ ಟೇಪ್ ಅಂಟಿಸಿಡಿ. ಮನೆಯಲ್ಲಿ ಯಾರೂ ಮರೆತು ಹಾಕುವಂತಾಗಬಾರದು.

ಗುಂಯ್ ಅಂತಿದೆ ಅಂದರೆ ಮೋಟರಿನೊಳಗೆ ತಂತಿ ಸುತ್ತಿದ ಕಾಯಿಲ್‌ಗೆ ಕರೆಂಟ್ ಹೋಗುತ್ತಿದೆ. ತಳ್ಳಿದರೆ ತಿರುಗುತ್ತದೆ ಅಂದರೆ ಓಡುವ ಶಕ್ತಿಯೂ ಸ್ವಲ್ಪ ಇದೆ. ಶುರುವಾಗಲು ಮಾತ್ರ ಆಗುತ್ತಿಲ್ಲ. ಹಾಗಾಗಿ ಹೊಸ ಮೋಟರ್ ಕೊಳ್ಳುವ ಮೊದಲು ಇದು ಯಾಕೆ ನಿಂತಿತು ಅಂತ ನೋಡೋಣ. ನಾನು ಮೋಟರ್ ವೈಂಡಿಂಗ್ ಕೆಲಸ ಕಲಿಯುವಾಗ ಮೊದಲು ಕಲಿಸಿದ್ದೇ ಇದು: ಬಿಚ್ಚುವ ಮೊದಲು ಕೈಯಲ್ಲಿ ತಿರುಗಿಸಿ ನೋಡು.

ಅದಕ್ಕೂ ಮೊದಲು ಕರೆಂಟ್ ತೆಗೆಯಬೇಕು. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ವೈರಿಗೆ ಹಾಕಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ಫ್ಯಾನಿನ ತನಕ ಕರೆಂಟ್ ಬಂದು ನಿಂತಿರುತ್ತದೆ. ಮೇನ್ ಬೋರ್ಡಿನಲ್ಲಿ ಆ ಲೈನಿನ ಎಂಸಿಬಿ, ಅಂದರೆ ಕರೆಂಟ್ ಕಡಿಯುವ ಸ್ವಿಚ್, ಇಳಿಸಿ. ಆಮೇಲೆ ಟೆಸ್ಟರನ್ನು ಕರೆಂಟ್ ಇರುವ ಬೇರೆ ಕಡೆ ಹಿಡಿದು ಅದು ಉರಿಯುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಫ್ಯಾನಿನ ವೈರಿಗೆ ಹಿಡಿಯಿರಿ. ಬಾತ್‌ರೂಮಿನ ನೆಲ ಒಣಗಿರಲಿ. ಸ್ಟೂಲ್ ಹಿಡಿಯಲು ಜೊತೆಗೊಬ್ಬರು ಇರಲಿ. ವೈರ್ ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ರೆಕ್ಕೆಯನ್ನು ಬೆರಳಿನಿಂದ ಚಿಮ್ಮಿ. ಬಿಟ್ಟ ಮೇಲೂ ಒಂದಷ್ಟು ಸುತ್ತು ತಾನೇ ತಿರುಗಿ, ಮೆಲ್ಲಗೆ ನಿಂತರೆ ಒಳಗೆ ಬಿಗಿತ ಇಲ್ಲ. ಕೈ ಬಿಟ್ಟ ತಕ್ಷಣ ಗಕ್ಕನೆ ನಿಂತರೆ ಬುಷ್, ಅಂದರೆ ಶಾಫ್ಟ್ (ರೆಕ್ಕೆ ಕೂರುವ ಕಡ್ಡಿ) ತಿರುಗುವ ಲೋಹದ ಕೊಳವೆ, ಹಿಡಿದಿದೆ. ಇನ್ನೊಂದು ನೋಡಿ: ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂತ ಕೈಗೆ ಗೊತ್ತಾದರೆ ಬುಷ್ ಸವೆದಿದೆ. ಒಳಗೆ ತಿರುಗುವ ರೋಟರಿಗೂ ಸುತ್ತ ಅಲುಗದೆ ನಿಂತಿರುವ ಸ್ಟೇಟರಿಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿಗಿಂತ ಎಷ್ಟೋ ಕಡಿಮೆ. ಬುಷ್ ಸವೆದರೆ ಕಾಯಿಲಿನ ಸೆಳೆತಕ್ಕೆ ರೋಟರ್ ಒಂದು ಬದಿಗೆ ವಾಲಿ ಸ್ಟೇಟರಿಗೇ ಅಂಟಿಕೊಳ್ಳುತ್ತದೆ. ಆಗ ಕೈಯಲ್ಲಿ ಸಲೀಸಾಗಿ ತಿರುಗುವ ಮೋಟರ್ ಕೂಡ ಕರೆಂಟ್ ಕೊಟ್ಟಾಗ ಗುಂಯ್ ಅಂದು ನಿಂತುಬಿಡುತ್ತದೆ.

ಸಲೀಸಾಗಿ ತಿರುಗುತ್ತದೆ, ಅಲ್ಲಾಡುವುದೂ ಇಲ್ಲ ಅಂದರೆ, ಮೋಟರಿಗೆ ಕೆಪ್ಯಾಸಿಟರ್, ಅಂದರೆ ಅದನ್ನು ಶುರುಮಾಡಲು ನೆರವಾಗುವ ಪುಟ್ಟ ಡಬ್ಬಿ, ಇದೆಯಾ ನೋಡಿ. ಕೆಲವರು ಇದನ್ನೇ ಕಂಡೆನ್ಸರ್ ಅನ್ನುತ್ತಾರೆ. ಲೋಹದ ರೆಕ್ಕೆಯ ದೊಡ್ಡ ಫ್ಯಾನುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಇದ್ದರೆ ನಿಮ್ಮ ಪುಣ್ಯ, ಮೋಟರ್ ಮುಟ್ಟುವುದೇ ಬೇಡ. ಅದು ಶಕ್ತಿ ಕಳೆದುಕೊಂಡಾಗ ಆಗುವುದು ನೀವು ಬರೆದಂಥದ್ದೇ: ಸದ್ದು ಬರುತ್ತದೆ, ತಳ್ಳಿದರೆ ಮಾತ್ರ ತಿರುಗುತ್ತದೆ. ಮುಟ್ಟುವ ಮೊದಲು, ಹಳೆಯ ಫಿಲಮೆಂಟ್ ಬಲ್ಬ್ ಹಾಕಿದ ಹೋಲ್ಡರಿನ ಎರಡು ವೈರನ್ನು ಅದರ ಎರಡು ತುದಿಗೆ ತಾಗಿಸಿ, ಉಳಿದ ಕರೆಂಟ್ ಇಳಿಯಲಿ. ಮೈಮೇಲೆ ಬರೆದಷ್ಟೇ ಮೈಕ್ರೋಫ್ಯಾರಡಿನ ಹೊಸದು ಹಾಕಿ. ಜಾಸ್ತಿ ಹಾಕಿದರೆ ಜೋರಾಗಿ ತಿರುಗುತ್ತದೆ ಅಂತ ಹಾಕುವವರಿದ್ದಾರೆ. ಹಾಗೆ ಮಾಡಬೇಡಿ, ಕಾಯಿಲ್ ಸುಟ್ಟುಹೋಗುತ್ತದೆ.

ಚಿಕ್ಕ ಪ್ಲಾಸ್ಟಿಕ್ ಫ್ಯಾನುಗಳಲ್ಲಿ ಹೆಚ್ಚಾಗಿ ಕೆಪ್ಯಾಸಿಟರ್ ಇರುವುದಿಲ್ಲ. ಕಬ್ಬಿಣದ ತೆಳು ಪಟ್ಟಿಗಳನ್ನು ಒತ್ತಿ ಜೋಡಿಸಿದ ಚೌಕ, ಒಂದು ಪಕ್ಕದಲ್ಲಿ ಒಂದೇ ಕಾಯಿಲ್, ನಡುವೆ ರೋಟರ್. ರೋಟರಿನ ಪಕ್ಕದಲ್ಲಿ ಕಬ್ಬಿಣದ ಒಂದು ಮೂಲೆಯನ್ನು ಸುತ್ತಿಕೊಂಡ ದಪ್ಪ ತಾಮ್ರದ ಬಳೆಗಳು ಕಾಣಿಸುತ್ತವೆ. ಇದು ಶೇಡೆಡ್ ಪೋಲ್ ಮೋಟರ್. ಈ ತಾಮ್ರದ ಬಳೆಯೇ ಅದನ್ನು ಶುರುಮಾಡುವುದು. ಬಳೆ ಇರುವ ಭಾಗದಲ್ಲಿ ಅಯಸ್ಕಾಂತದ ಸೆಳೆತ ಒಂದು ಕ್ಷಣ ತಡವಾಗಿ ಏಳುತ್ತದೆ. ಆ ತಡದಿಂದ ರೋಟರ್ ಬಳೆ ಇಲ್ಲದ ಕಡೆಯಿಂದ ಬಳೆ ಇರುವ ಕಡೆಗೆ ಹೊರಳುತ್ತದೆ. ಸರಳ, ಗಟ್ಟಿಮುಟ್ಟು, ವರ್ಷಗಟ್ಟಲೆ ಬಾಳುವ ಮೋಟರ್. ಆದರೆ ಶುರುವಾಗುವಾಗಿನ ಶಕ್ತಿ ತೀರಾ ಕಡಿಮೆ. ಬುಷ್ಷಿನಲ್ಲಿ ಸ್ವಲ್ಪವೇ ಅಂಟು ಇದ್ದರೂ ಏಳಲಾರದು. ನಿಮ್ಮ ಫ್ಯಾನ್ ಈ ಜಾತಿಯದಾದರೆ ದೋಷ ಬುಷ್ಷಿನಲ್ಲೇ ಇರುವ ಸಾಧ್ಯತೆ ಜಾಸ್ತಿ.

ಈ ಬುಷ್ಷಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಗಟ್ಟಿ ಹಿತ್ತಾಳೆಯ ತುಂಡಿನಂತೆ ಕಾಣುತ್ತದೆ, ಆದರೆ ಗಟ್ಟಿ ಅಲ್ಲ. ಕಂಚಿನ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ್ದು. ಸ್ಪಂಜಿನಂತೆ ಒಳಗೆಲ್ಲ ಸಣ್ಣ ಸಣ್ಣ ತೂತು. ಅದರ ಗಾತ್ರದಲ್ಲಿ ಸುಮಾರು ಐದನೇ ಒಂದು ಭಾಗ ಎಣ್ಣೆಯೇ ತುಂಬಿರುತ್ತದೆ. ಸುತ್ತ ಎಣ್ಣೆ ಹೀರಿದ ಫೆಲ್ಟ್ ಕೂಡ ಇರುತ್ತದೆ. ಬಾತ್‌ರೂಮಿನ ಹಬೆ, ಧೂಳು, ಮೋಟರಿನ ಬಿಸಿ ಎಲ್ಲ ಸೇರಿ ಆ ಎಣ್ಣೆ ಕಪ್ಪು ಗೋಂದಾಗುತ್ತದೆ. ಶಾಫ್ಟ್ ಹೊರಗೆಳೆದರೆ ಬುಷ್ ಕೂರುವ ಜಾಗದಲ್ಲಿ ಕಪ್ಪು ಉಂಗುರ ಕಾಣುತ್ತದೆ. ಉಗುರಿನಿಂದ ಕೆರೆದರೆ ಮೇಣದ ಹಾಗೆ ಏಳುತ್ತದೆ. ಬರೀ ಅಂಟು, ಶಾಫ್ಟಿನಲ್ಲಿ ಗೀರಿಲ್ಲ ಅಂದರೆ ಒರೆಸಿ, ಫೆಲ್ಟಿಗೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕಾರು ಹನಿ ಕುಡಿಸಿ. ಇನ್ನೂ ಬಹಳ ಕಾಲ ಓಡುತ್ತದೆ. ಅಡುಗೆ ಎಣ್ಣೆ ಬೇಡ, ಅದೇ ಗೋಂದಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸುಮ್ಮನಾಗಬೇಡಿ. ಅದು ಇದ್ದ ಎಣ್ಣೆಯನ್ನೂ ತೊಳೆದು, ಕೆಲವೇ ದಿನದಲ್ಲಿ ಆರಿಹೋಗುತ್ತದೆ. ಶಾಫ್ಟಿನಲ್ಲಿ ಉಗುರಿಗೆ ಸಿಗುವಷ್ಟು ಗೀರಿದ್ದರೆ, ಬುಷ್ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಕಾಯಿಲಿನ ಸುತ್ತುಕಾಗದ ಕಂದು ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ, ಹೊಸ ಮೋಟರಿಗೆ ಹೋಗಿ.

ಅಂಗಡಿಗೆ ಹೋಗುವಾಗ ಹಳೆಯ ಮೋಟರನ್ನು, ಸಾಧ್ಯವಾದರೆ ರೆಕ್ಕೆಯನ್ನೂ, ಕೈಯಲ್ಲೇ ಹಿಡಿದುಕೊಂಡು ಹೋಗಿ. ಫ್ಯಾನಿನ ಹೆಸರು ಹೇಳಿದರೆ ಸರಿಯಾದ್ದು ಸಿಗುವುದು ಅಪರೂಪ, ಅಳತೆ ಹೇಳಿದರೆ ಸಿಗುತ್ತದೆ. ಮೋಟರಿಗೆ ಅಂಟಿಸಿದ ಚೀಟಿಯ ಮೇಲಿನ ವೋಲ್ಟ್, ಹರ್ಟ್ಸ್, ವ್ಯಾಟ್ ಬರೆದುಕೊಳ್ಳಿ. ಶಾಫ್ಟಿನ ದಪ್ಪವನ್ನು ಕ್ಯಾಲಿಪರಿನಲ್ಲೇ ಅಳೆಯಿರಿ. ಕಾಲು ಇಂಚಿನ ಶಾಫ್ಟ್ ಅಂದರೆ 6.35 ಮಿಲಿಮೀಟರ್. ಕಣ್ಣಿಗೆ ಅದೂ 6 ಮಿಲಿಮೀಟರಿನದೂ ಒಂದೇ. ಆದರೆ ಕಾಲು ಇಂಚಿನ ರೆಕ್ಕೆಯನ್ನು 6 ಮಿಲಿಮೀಟರಿಗೆ ಹಾಕಿ ಸ್ಕ್ರೂ ಬಿಗಿದರೆ ರೆಕ್ಕೆ ನಡುವಿಂದ ಸರಿದು ಕೂರುತ್ತದೆ, ಫ್ಯಾನ್ ಅದುರುತ್ತದೆ, ಹೊಸ ಬುಷ್ಷೂ ಬೇಗ ಹೋಗುತ್ತದೆ. ಶಾಫ್ಟ್ ಎಷ್ಟು ಉದ್ದ ಹೊರಗೆ ಬಂದಿದೆ, ಅದರ ಒಂದು ಬದಿ ಚಪ್ಪಟೆಯಾ, ಬೋಲ್ಟ್ ತೂತುಗಳ ನಡುವೆ ಎಷ್ಟು ಅಂತರ, ಇವನ್ನೂ ನೋಡಿ.

ಸ್ಪೀಡ್ ವಿಷಯದಲ್ಲಿ ಆಸೆ ಬೇಡ. 50 ಹರ್ಟ್ಸ್ ಕರೆಂಟಿನಲ್ಲಿ ನಾಲ್ಕು ಪೋಲಿನ (ಅಯಸ್ಕಾಂತದ ಧ್ರುವದ) ಮೋಟರ್ ನಿಮಿಷಕ್ಕೆ 1500 ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗುತ್ತದೆ, ಎರಡು ಪೋಲಿನದು 3000ಕ್ಕಿಂತ ಕಡಿಮೆ. ಅದೇ ರೆಕ್ಕೆಯನ್ನು ಎರಡರಷ್ಟು ಸ್ಪೀಡಿನಲ್ಲಿ ತಿರುಗಿಸಲು ಎಂಟರಷ್ಟು ಶಕ್ತಿ ಬೇಕು. ಅಷ್ಟೇ ವ್ಯಾಟಿನ ಜೋರು ಮೋಟರ್ ಹಾಕಿದರೆ ಅದು ಆ ರೆಕ್ಕೆಯನ್ನು ಎಳೆಯಲಾರದೆ ಬಿಸಿಯಾಗುತ್ತದೆ.

ಜನ ಹೆಚ್ಚಾಗಿ ಮರೆಯುವುದು ತಿರುಗುವ ದಿಕ್ಕನ್ನು. ಹಳೆಯದು ಯಾವ ಕಡೆ ತಿರುಗುತ್ತಿತ್ತು ಅಂತ ಚೌಕಟ್ಟಿನ ಮೇಲೆ ಬಾಣದ ಗುರುತು ಹಾಕಿ. ಅಂಗಡಿಯವರಿಗೆ ಹೇಳುವಾಗ ‘ಶಾಫ್ಟಿನ ಕಡೆಯಿಂದ ನೋಡಿದರೆ’ ಅಂತ ಸೇರಿಸಿಯೇ ಹೇಳಿ. ಹಿಂದಿನಿಂದ ನೋಡಿದರೆ ಎಡ ಬಲ ಅದಲುಬದಲಾಗುತ್ತದೆ ಅಲ್ವಾ? ಉಲ್ಟಾ ದಿಕ್ಕಿನ ಮೋಟರ್ ಬಂದರೆ ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತದೆ. ಆಗ ಕೆಲವರು ರೆಕ್ಕೆಯನ್ನು ಮಗುಚಿ ಹಾಕುತ್ತಾರೆ. ಪ್ರಯೋಜನವಿಲ್ಲ. ಮಗುಚಿದರೂ ಗಾಳಿ ಅದೇ ಕಡೆಗೆ ಹೋಗುತ್ತದೆ, ಇನ್ನೂ ಕಡಿಮೆಯಾಗಿ ಹೋಗುತ್ತದೆ. ಶೇಡೆಡ್ ಪೋಲ್ ಮೋಟರಿನ ಎರಡು ವೈರ್ ಅದಲುಬದಲು ಮಾಡಿದರೂ ದಿಕ್ಕು ಬದಲಾಗುವುದಿಲ್ಲ. ಒಂದೇ ದಾರಿ ಇದೆ: ಬುಷ್ ಹಿಡಿದಿರುವ ಸ್ಕ್ರೂಗಳನ್ನು ಬಿಚ್ಚಿ, ರೋಟರನ್ನು ಹೊರಗೆಳೆದು, ಶಾಫ್ಟಿನ ತುದಿ ಎದುರು ಬದಿಗೆ ಬರುವಂತೆ ತಿರುಗಿಸಿ ಕೂರಿಸುವುದು. ಬಿಚ್ಚಲು ಬರುವಂಥ ಮೋಟರಾದರೆ ಇದು ಸುಲಭದ ಕೆಲಸ, ಬಿಗಿಯುವಾಗ ಶಾಫ್ಟ್ ಬೆರಳಿಗೆ ಸಲೀಸಾಗಿ ತಿರುಗುತ್ತಿದೆಯಾ ಅಂತ ಒಂದೊಂದು ಸ್ಕ್ರೂವಿಗೂ ನೋಡಿಕೊಳ್ಳಿ.

ಹಳೆಯ ರೆಕ್ಕೆ ಶಾಫ್ಟಿಗೆ ತುಕ್ಕು ಹಿಡಿದು ಕೂತಿದ್ದರೆ ಸುತ್ತಿಗೆ ಎತ್ತಬೇಡಿ. ತುಕ್ಕು ಬಿಡಿಸುವ ಸ್ಪ್ರೇಗೆ ಇಲ್ಲಿ ಕೆಲಸವಿದೆ. ಹೊಡೆದು ರಾತ್ರಿಯಿಡೀ ಬಿಡಿ. ಪ್ಲಾಸ್ಟಿಕ್ ರೆಕ್ಕೆಯ ಮೂತಿಯಲ್ಲಿ ನಟ್ ಇದ್ದರೆ ಅದರ ಥ್ರೆಡ್ ಎಡಗಡೆಗೆ ಸುತ್ತಿದ್ದಾಗಿರಬಹುದು, ಅಂದರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬಲ ಹಾಕುವ ಮೊದಲು ನಟ್ ಮೇಲೆ ಬಾಣದ ಗುರುತಿದೆಯಾ ನೋಡಿ. ಉಳಿದದ್ದು ಸುಲಭ. ರೆಕ್ಕೆ ತೊಳೆದು ಪೂರ್ತಿ ಒಣಗಿಸಿ. ಒಂದು ರೆಕ್ಕೆಯಲ್ಲಿ ಉಳಿದ ಕೊಳೆಯಿಂದಲೂ ಅದುರುತ್ತದೆ. ಅರ್ತ್ ವೈರ್ ಇದ್ದರೆ ಬಿಡದೆ ಜೋಡಿಸಿ. ಕೂಡಿಕೆಗೆ ಬರೀ ಟೇಪ್ ಬೇಡ, ಹಬೆಗೆ ಅಂಟು ಬಿಡುತ್ತದೆ. ಕನೆಕ್ಟರ್ ಹಾಕಿ, ಮುಚ್ಚಳವಿರುವ ಡಬ್ಬಿಯೊಳಗಿಡಿ.

ಮೋಟರನ್ನು ಚೌಕಟ್ಟಿಗೆ ರಿವೆಟ್ ಹೊಡೆದಿದ್ದರೆ, ಅಥವಾ ಒಳಗಿನ ವೈರಿನ ಕವಚ ಮುಟ್ಟಿದರೆ ಪುಡಿಯಾಗುತ್ತಿದ್ದರೆ, ಆಗ ನಾನೂ ಪೂರ್ತಿ ಹೊಸ ಫ್ಯಾನ್ ತನ್ನಿ ಅನ್ನುತ್ತೇನೆ.

ಪ್ರಶ್ನೆ: ನಮ್ಮ ಎಕ್ಸಾಸ್ಟ್ ಫ್ಯಾನ್ ಸದ್ದೇ ಇಲ್ಲದೆ ನಿಂತಿದೆ. ಬಿಚ್ಚಿದವರು ಕಾಯಿಲಿನ ಟೇಪಿನೊಳಗೆ ಒಂದು ಪುಟ್ಟ ಫ್ಯೂಸ್ ಹೋಗಿದೆ, ಅದನ್ನು ಬಿಟ್ಟು ನೇರ ವೈರ್ ಕೊಟ್ಟರೆ ಓಡುತ್ತದೆ ಅನ್ನುತ್ತಾರೆ. ಹಾಗೆ ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ಅದು ಥರ್ಮಲ್ ಫ್ಯೂಸ್. ಕಾಯಿಲ್ ಮಿತಿ ಮೀರಿ ಬಿಸಿಯಾದಾಗ ಒಮ್ಮೆ ಕಡಿದುಕೊಂಡರೆ ಮತ್ತೆ ಕೂಡುವುದಿಲ್ಲ. ಅದು ಹೋಗಿದೆ ಅಂದರೆ ಮೋಟರ್ ಎಲ್ಲೋ ಬಿಗಿಹಿಡಿದು ಕಾದಿತ್ತು ಅಂತ ಅರ್ಥ. ನೇರ ವೈರ್ ಕೊಟ್ಟರೆ ಮುಂದಿನ ಸಲ ಕಾದಾಗ ತಡೆಯಲು ಏನೂ ಇರುವುದಿಲ್ಲ. ಈ ಫ್ಯಾನ್ ಹೆಚ್ಚಾಗಿ ಓಡುವುದು ಯಾರೂ ನೋಡದಿರುವಾಗ, ಬಾಗಿಲು ಮುಚ್ಚಿದ ಕೋಣೆಯಲ್ಲಿ. ಮೋಟರ್ ಬದಲಾಯಿಸಿ.

ಪ್ರಶ್ನೆ: ಹೊಸ ಮೋಟರ್ ಹಾಕಿಸಿದೆವು. ಚೆನ್ನಾಗಿ ತಿರುಗುತ್ತದೆ, ಆದರೂ ಸ್ನಾನದ ಮೇಲೆ ಕನ್ನಡಿಯ ಮಂಜು ಹೋಗುವುದಿಲ್ಲ. ಮೋಟರ್ ಸರಿಯಿಲ್ಲವಾ?

ಉತ್ತರ: ಮೋಟರನ್ನು ಅನುಮಾನಿಸುವ ಮೊದಲು ಒಂದು ತೆಳು ಕಾಗದವನ್ನು ಜಾಲರಿಯ ಹತ್ತಿರ ಹಿಡಿಯಿರಿ. ದೂರ ಹಾರಿದರೆ ದಿಕ್ಕು ಉಲ್ಟಾ ಆಗಿದೆ. ಜಾಲರಿಗೆ ಅಂಟಿ ನಿಂತರೆ ಫ್ಯಾನ್ ಎಳೆಯುತ್ತಿದೆ. ಅರೆಮನಸ್ಸಿನಿಂದ ಅಂಟಿ ಬಿದ್ದರೆ ಬಾಗಿಲು ಸ್ವಲ್ಪ ತೆರೆದು ಮತ್ತೆ ಹಿಡಿದು ನೋಡಿ. ಈಗ ಗಟ್ಟಿಯಾಗಿ ಅಂಟಿದರೆ, ಬಾಗಿಲು ಮುಚ್ಚಿದಾಗ ಕೋಣೆಗೆ ಗಾಳಿ ಬರಲು ದಾರಿಯಿಲ್ಲ ಅಂತ ಆಯಿತು. ಒಳಗೆ ಬಂದಷ್ಟೇ ಗಾಳಿಯನ್ನು ಫ್ಯಾನ್ ಹೊರಹಾಕಬಲ್ಲದು. ಬಾಗಿಲಿನ ಕೆಳಗೆ ಸುಮಾರು 2 ಸೆಂಟಿಮೀಟರ್ ಸಂದು ಬಿಡಿಸಿ. ಬಾಗಿಲು ತೆರೆದಾಗಲೂ ಕಾಗದ ಬಿದ್ದರೆ ಹೊರಗೋಡೆಯ ಕಡೆ ಹೋಗಿ ಮುಚ್ಚಳದ ಪಟ್ಟಿಗಳನ್ನು ನೋಡಿ. ಫ್ಯಾನ್ ಓಡುವಾಗ ತಾವೇ ಏಳಬೇಕಾದ ಆ ಪಟ್ಟಿಗಳು ಧೂಳು ಮೆತ್ತಿ ಅಂಟಿಕೊಂಡಿರುತ್ತವೆ. ಹಳೆಯ ಬ್ರಷ್ಷು, ಸೋಪಿನ ನೀರು ಸಾಕು. ಅಲ್ಲಿಗೆ ಎಣ್ಣೆ ಮಾತ್ರ ಹಚ್ಚಬೇಡಿ, ಧೂಳು ಮೊದಲಿಗಿಂತ ಬೇಗ ಹಿಡಿಯುತ್ತದೆ.